ಉಗ್ರಾಣ ಬಾತ್‌ರೂಮ್ ಆದ ಮೇಲೆ ಗೋಡೆ ಬೆವರಿದರೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಹೊರಗೆ ಇರುತ್ತಿತ್ತು. ಹಂಡೆಯ ಹಬೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಈಗ ವಯಸ್ಸಾದವರಿಗೆ ಮಳೆಯಲ್ಲಿ ಅಂಗಳ ದಾಟುವುದು ಕಷ್ಟ ಅಂತ ಒಳಗಿನ ಉಗ್ರಾಣವನ್ನೇ ಬಾತ್‌ರೂಮ್ ಮಾಡುತ್ತೇವೆ. ನಮ್ಮಲ್ಲೂ ಹಾಗೇ. ಉಗ್ರಾಣದ ಕಿಟಕಿ ಅಂದರೆ ಬೆಕ್ಕು ನುಗ್ಗುವಷ್ಟು ತೂತು. ಆಟಿ ತಿಂಗಳ ಜಡಿಮಳೆಯಲ್ಲಿ ಗೋಡೆ ಬೆವರದೆ ಇನ್ನೇನು?

ಪೇಂಟ್ ಅಂಗಡಿಗೆ ಓಡಬೇಡಿ. ಮೊದಲು ನೀರು ಎಲ್ಲಿಂದ ಬರ್ತದೆ ಅಂತ ನೋಡಿ. ಗೋಡೆಯ ಮೇಲ್ಮೈ ಒರೆಸಿ, ಅಂಗೈಯಗಲದ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಫಾಯಿಲಿನ ಮೇಲೆ ಹನಿ ಇದ್ದರೆ ಅದು ಸ್ನಾನದ ಹಬೆ. ಹಿಂದೆ ಇದ್ದರೆ ಗೋಡೆಯೊಳಗಿನ ನೀರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯಲ್ಲಿ ಎರಡೂ ಇರಬಹುದು.

ಹಬೆಗೆ ಎಕ್ಸಾಸ್ಟ್ ಫ್ಯಾನ್ ಬೇಕು. ಬಾಗಿಲಿಗೆ ಎದುರು, ಆದಷ್ಟು ಮೇಲೆ. ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದು ಬಿಡಿ. ಒಳಗೆ ಗಾಳಿ ಬಾರದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೆ. ಸ್ನಾನ ಮುಗಿದ ಮೇಲೂ 20 ನಿಮಿಷ ಓಡಲಿ. ಕೆಲವರು ಫ್ಯಾನಿನ ಪೈಪನ್ನು ಅಟ್ಟಕ್ಕೆ ಬಿಡುತ್ತಾರೆ. ಅಲ್ಲಿ ಅಡಕೆ ಚೀಲ ಇದ್ದರೆ ಮುಗಿಯಿತು ಕಥೆ, ಬೂಸ್ಟು ಗ್ಯಾರಂಟಿ. ಪೈಪ್ ಮನೆಯ ಹೊರಗೇ ಹೋಗಬೇಕು.

ಮಳೆಗಾಲದಲ್ಲಿ ಹೊರಗೂ ತೇವವೇ ಅಲ್ವಾ, ಫ್ಯಾನ್ ಯಾಕೆ ಅಂತ ಕೇಳುವವರಿದ್ದಾರೆ. ಬಿಸಿ ಗಾಳಿ ತಂಪು ಗಾಳಿಗಿಂತ ಜಾಸ್ತಿ ನೀರು ಹೊರುತ್ತದೆ. ಸ್ನಾನದ ಬಿಸಿ ಗಾಳಿ ಹೋಗಿ ಹೊರಗಿನ ತಂಪು ಗಾಳಿ ಬಂದರೂ ಲಾಭವೇ. ಇನ್ನು ಬಕೆಟಿಗೆ ತಣ್ಣೀರು ಮೊದಲು ಬಿಟ್ಟು ಆಮೇಲೆ ಬಿಸಿನೀರು ಬಿಡಿ, ಹಬೆ ಕಡಿಮೆ ಏಳುತ್ತದೆ. ಕೊನೆಗೆ ಗೋಡೆಗೂ ಒಮ್ಮೆ ವೈಪರ್ ಎಳೆಯಿರಿ.

ಫಾಯಿಲಿನ ಹಿಂದೆ ನೀರಿದ್ದರೆ ಕಲೆಯ ಜಾಗ ನೋಡಿ. ಬುಡದಲ್ಲಿ ಉದ್ದಕ್ಕೆ ಇದ್ದರೆ ನೆಲದ ತೇವ, ಇಲ್ಲವೇ ಸೂರಿನ ನೀರಿನ ಸಿಡಿತ. ಹೊರಗೆ ಗೋಡೆಗೆ ಒತ್ತಿ ಮಣ್ಣು ಏರಿದ್ದರೆ ತೆಗೆಯಿರಿ. ನಡುವೆ ಒಂದೇ ಕಡೆ ಇದ್ದರೆ ಪೈಪಿನ ಜಾಯಿಂಟ್ ಮೇಲೆ ನನಗೆ ಅನುಮಾನ. ಮುರಕಲ್ಲು ತುಂಬ ತೂತು ತೂತು, ನೀರು ಹೀರುತ್ತದೆ. ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ ಒಳಗಿನ ತೇವ ಆರಲು ದಾರಿಯಿಲ್ಲದೆ ಪೇಂಟನ್ನೇ ಕಿತ್ತು ಹಾಕುತ್ತದೆ. ಸೋರಿಕೆ ನಿಲ್ಲಿಸಿ, ಬೇಸಿಗೆಯಲ್ಲಿ ಒಣಗಿದ ಮೇಲೆ ಬಣ್ಣದ ಮಾತು.

ಕಪ್ಪು ಬೂಸ್ಟಿಗೆ ಬ್ಲೀಚ್ ಆಗುತ್ತದೆ. ಆದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿಸಲೇಬೇಡಿ, ವಿಷದ ಗಾಳಿ ಬರುತ್ತದೆ.

ಇನ್ನೂ ಕೆಲಸ ಶುರುಮಾಡದವರಿಗೆ: ಟೈಲ್ಸ್ ಸಂದಿಯ ಗ್ರೌಟ್ ನೀರು ತಡೆಯುವುದಿಲ್ಲ. ವಾಟರ್‌ಪ್ರೂಫಿಂಗ್ ಅದರ ಅಡಿಯಲ್ಲೇ ಆಗಬೇಕು. ಅದು ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ, ನೆಲದಲ್ಲಿ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಮೇಸ್ತ್ರಿ ‘ಅದೆಲ್ಲ ಬೇಡ’ ಅಂದರೂ, ಗೆರೆ ನೋಡದೆ ಟೈಲ್ಸ್ ಹಾಕಲು ಬಿಡಬೇಡಿ.