ಮೆಟ್ಟಿಲಿಗೆ ಗ್ರಾನೈಟ್ ಆರ್ಡರ್ ಕೊಡುವ ಮುಂಚೆ: ನಾನು ಅಳತೆ ತೆಗೆಯುವ ಕ್ರಮ

ತುಮಕೂರಿನ ಹಳೇ ಬಡಾವಣೆಗಳಲ್ಲಿ ರೆಡ್ ಆಕ್ಸೈಡ್ ಮೆಟ್ಟಿಲುಗಳ ಮನೆಗಳು ಇನ್ನೂ ಬೇಕಾದಷ್ಟಿವೆ. ಅಂಚು ಉದುರಿ, ನಡುಭಾಗ ಸವೆದ ಮೇಲೆ ಗ್ರಾನೈಟ್ ಹಾಕಿಸುತ್ತಾರೆ. ಎಷ್ಟೋ ಜನ ಒಂದು ಮೆಟ್ಟಿಲಿಗೆ ಟೇಪ್ ಹಿಡಿದು, ಅದನ್ನೇ ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿ ಆರ್ಡರ್ ಕೊಟ್ಟುಬಿಡುತ್ತಾರೆ. ಕೈಯಲ್ಲಿ ಕಟ್ಟಿದ ಮೆಟ್ಟಿಲು ಒಂದರಂತೆ ಇನ್ನೊಂದು ಇರುವುದಿಲ್ಲ. ಕಲ್ಲು ಕತ್ತರಿಸಿ ಅಂಚಿಗೆ ಮೋಲ್ಡಿಂಗ್ (ಅಂಚನ್ನು ಉಜ್ಜಿ ಆಕಾರ ಕೊಡುವುದು) ಹೊಡೆದ ಮೇಲೆ ಅದನ್ನು ವಾಪಸ್ ಕೊಡುವ ದಾರಿಯೂ ಇಲ್ಲ.

ನಾನು ಮೊದಲು ತೆಗೆಯುವುದು ಒಟ್ಟು ಎತ್ತರ: ಕೆಳಗಿನ ನೆಲದಿಂದ ಮಹಡಿಯ ನೆಲದವರೆಗೆ. ಮಹಡಿಯ ಅಂಚಿನಿಂದ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಹೊರಚಾಚಿ, ರಸಮಟ್ಟ ಇಟ್ಟು, ಅಲ್ಲಿಂದ ಟೇಪ್ ಇಳಿಬಿಡುತ್ತೇನೆ. ಟೇಪ್ ಮುಟ್ಟುವ ಜಾಗವೂ ಮೊದಲ ಮೆಟ್ಟಿಲಿನ ಬುಡವೂ ಒಂದೇ ಮಟ್ಟದಲ್ಲಿವೆಯೇ ಎಂದು ನೀರು ತುಂಬಿದ ಟ್ಯೂಬ್ ಲೆವೆಲ್‌ನಲ್ಲಿ ನೋಡಲೇಬೇಕು. ಹಾಲ್‌ನ ನೆಲ ಬಾಗಿಲ ಕಡೆಗೆ ಇಳಿಜಾರಾಗಿದ್ದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಆಮೇಲೆ ಒಂದೊಂದು ಮೆಟ್ಟಿಲಿನ ಎತ್ತರ ಬೇರೆಬೇರೆ ಬರೆದು ಕೂಡಿಸುತ್ತೇನೆ. ಕೂಡಿದ್ದು ಒಟ್ಟು ಎತ್ತರಕ್ಕೆ ಹೊಂದದಿದ್ದರೆ ಮತ್ತೆ ಅಳೆಯಬೇಕು.

ಒಟ್ಟು 3060 ಮಿ.ಮೀ., ಹದಿನೆಂಟು ಏರು (ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹತ್ತುವ ಎತ್ತರ) ಎಂದುಕೊಳ್ಳಿ. ಒಂದು ಏರಿಗೆ 170. ಹಳೆಯ ಗಾರೆಯನ್ನು ಕೀಳದೆ ಅದರ ಮೇಲೇ 18 ಮಿ.ಮೀ. ಕಲ್ಲನ್ನು 6 ಮಿ.ಮೀ. ಅಂಟಿನಲ್ಲಿ ಕೂರಿಸಿದರೆ ಪ್ರತಿ ಮೆಟ್ಟಿಲೂ 24 ಮೇಲೇಳುತ್ತದೆ. ನಡುವಿನವಕ್ಕೆ ವ್ಯತ್ಯಾಸ ಬರುವುದಿಲ್ಲ. ಆದರೆ ಎರಡೂ ನೆಲ ಇದ್ದಲ್ಲೇ ಇರುವುದರಿಂದ ಮೊದಲ ಏರು 194 ಆಗುತ್ತದೆ, ಕೊನೆಯದು 146ಕ್ಕೆ ಇಳಿಯುತ್ತದೆ. ವಾಸದ ಮನೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಗರಿಷ್ಠ ಎತ್ತರ 190. ಸಂಹಿತೆ ಬದಿಗಿರಲಿ, ಕತ್ತಲಲ್ಲಿ ಇಳಿಯುವ ಕಾಲು ಲೆಕ್ಕ ತಪ್ಪಿ ಎಡವುವುದು ಇಂಥ ಕಡೆಯೇ. ಅದಕ್ಕೇ ಹಳೆ ಗಾರೆ ಚಿಪ್ಪಿಂಗ್ ಮಾಡಿಸದೆ, ಅಂದರೆ ಕೆತ್ತಿ ತೆಗೆಸದೆ, ನಾನು ಅಳತೆ ಅಂತಿಮ ಮಾಡುವುದಿಲ್ಲ. ಮೇಸ್ತ್ರಿ ಅಂಟಿನಲ್ಲಿ ಕೂರಿಸುತ್ತಾರೋ ಸಿಮೆಂಟ್ ಗಾರೆಯಲ್ಲೋ ಎಂದೂ ಮೊದಲೇ ಕೇಳಬೇಕು. ಗಾರೆ 20 ಬಂದರೆ 24ರ ಜಾಗದಲ್ಲಿ 38 ಕೂಡಬೇಕು.

ಈಗ ಕಲ್ಲಿನ ಅಳತೆ. ರೈಸರ್ (ಏರಿನ ಮುಖಕ್ಕೆ ನಿಲ್ಲಿಸುವ) ಕಲ್ಲು ಕೆಳಗಿನ ಟ್ರೆಡ್ (ಕಾಲಿಡುವ ಕಲ್ಲು) ಮೇಲೆ ನಿಂತು ಮೇಲಿನ ಟ್ರೆಡ್‌ನ ಅಡಿಗೆ ಬರುತ್ತದೆ. 170ರಲ್ಲಿ ಟ್ರೆಡ್ ದಪ್ಪ 18, ಸಂದಿಗೆ 2 ಕಳೆದರೆ 150. ಟ್ರೆಡ್‌ನ ಅಗಲಕ್ಕೆ ಕಾಂಕ್ರೀಟಿನ ಹಾಸು (ಕಾಲಿಡುವ ಭಾಗದ ಅಗಲ) 254 ಇದ್ದರೆ, ರೈಸರ್ ಮತ್ತು ಅಂಟಿಗೆ 24, ಮುಂದೆ ಚಾಚುವ ನೋಸಿಂಗ್‌ಗೆ 20 ಕೂಡಿಸಿ, ಹಿಂದಿನ ಸಂದಿಗೆ 3 ಕಳೆಯಬೇಕು: 295. ಹಾಸನ್ನು ಗೋಡೆಯ ಕಡೆ, ತೆರೆದ ಕಡೆ ಎರಡೂ ತುದಿಯಲ್ಲಿ ಅಳೆಯುತ್ತೇನೆ. ಉದ್ದವನ್ನೂ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದು ಕಡಿಮೆ ಇರುವುದರಲ್ಲಿ 3 ಕಳೆದು ಬರೆಯುತ್ತೇನೆ. ಗೋಡೆಯ ಸಂದಿಯನ್ನು ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಮುಚ್ಚುತ್ತದೆ. ಎರಡು ಅಳತೆಗೂ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಕಲ್ಲನ್ನು ಓರೆಯಾಗಿಯೇ ಕತ್ತರಿಸಲು ಹೇಳಬೇಕು. ತೆರೆದ ಕಡೆ ಚಾಚು ಬಿಡುವುದಿದ್ದರೆ ಅದನ್ನು ಉದ್ದಕ್ಕೆ ಸೇರಿಸಿ.

ತಿರುವಿನಲ್ಲಿ ತ್ರಿಕೋನದ ಮೆಟ್ಟಿಲಿದ್ದರೆ ಟೇಪ್ ನಂಬಬೇಡಿ. ದಪ್ಪ ರಟ್ಟಿನಲ್ಲಿ ಪ್ರತಿಯೊಂದರ ಅಚ್ಚು ಕತ್ತರಿಸಿ, ಮೇಲ್ಮುಖಕ್ಕೆ 'ಮೇಲೆ' ಎಂದು ಬರೆದು, ನಂಬರ್ ಹಾಕಿ, ಮೋಲ್ಡಿಂಗ್ ಬರುವ ಅಂಚಿಗೆ ಬಾಣದ ಗುರುತು ಮಾಡಿ. ಅಚ್ಚು ಮಗುಚಿ ಇಟ್ಟರೆ ಬಲಕ್ಕೆ ತಿರುಗಬೇಕಾದ ಕಲ್ಲು ಎಡಕ್ಕೆ ತಿರುಗಿ ಬರುತ್ತದೆ, ಅದನ್ನು ಬೇರೆಲ್ಲೂ ಹಾಕಲಾಗದು. ನೇರ ಮೆಟ್ಟಿಲುಗಳಿಗೂ ಇದೇ ಎಚ್ಚರ ಬೇಕು: ತೆರೆದ ಬದಿ ಎಡವೋ ಬಲವೋ ಎಂಬುದನ್ನು ಹತ್ತುವವನ ಲೆಕ್ಕದಲ್ಲಿ ಬರೆಯಿರಿ.

ಸಂಖ್ಯೆಯಲ್ಲಿ ಎಡವುವವರು ಬಹಳ. ಒಂಬತ್ತು ಏರು, ಲ್ಯಾಂಡಿಂಗ್, ಮತ್ತೆ ಒಂಬತ್ತು ಏರು ಇದ್ದರೆ ರೈಸರ್ ಹದಿನೆಂಟು, ಟ್ರೆಡ್ ಹದಿನಾರೇ. ಉಳಿದೆರಡರ ಜಾಗದಲ್ಲಿ ಲ್ಯಾಂಡಿಂಗ್ ಮತ್ತು ಮಹಡಿಯ ನೆಲ ಬರುತ್ತವೆ. ಆ ಎರಡರ ಅಂಚಿಗೂ ಮೋಲ್ಡಿಂಗ್ ಇರುವ ಕಲ್ಲು ಬೇಕು, ಮಹಡಿಯ ಅಂಚಿನ ಪಟ್ಟಿಯನ್ನಂತೂ ಹೆಚ್ಚಿನವರು ಮರೆಯುತ್ತಾರೆ. ಒಂದೆರಡು ಟ್ರೆಡ್ ಜಾಸ್ತಿಯೇ ತರಿಸಿ. ನಮ್ಮ ಜಿಲ್ಲೆಯ ಸಿರಾ ಗ್ರೇ ಗ್ರಾನೈಟ್ ಆದರೂ ಮುಂದಿನ ಲಾಟ್‌ನ ಬಣ್ಣ ಹೊಂದುತ್ತದೆಂಬ ಭರವಸೆ ಇಲ್ಲ. ದರ ಚದರಡಿಯಲ್ಲಿ, ಮೋಲ್ಡಿಂಗ್ ಅಡಿ ಲೆಕ್ಕದಲ್ಲಿ ಇದ್ದರೂ ಕತ್ತರಿಸುವ ಪಟ್ಟಿ ಮಾತ್ರ ಮಿಲಿಮೀಟರಿನಲ್ಲೇ ಇರಲಿ.

ಸ್ಟೀಲ್ ರೇಲಿಂಗ್ ಆರ್ಡರನ್ನು ಇದರ ಜೊತೆಗೇ ಕೊಡಬೇಡಿ. ಕಲ್ಲು ಕೂತ ಮೇಲೆ ನೋಸಿಂಗ್‌ನಿಂದ ನೋಸಿಂಗ್‌ಗೆ ದಾರ ಕಟ್ಟಿ ಓರೆ ಉದ್ದ ತೆಗೆಯಬೇಕು. ರೇಲಿಂಗ್ ಮೇಲೆ ಕೈ ಹಿಡಿಯುವ ಪಟ್ಟಿಯ ಎತ್ತರ ಟ್ರೆಡ್‌ನ ನಡುವಿನಿಂದ 1000 ಮಿ.ಮೀ. ಮಕ್ಕಳಿರುವ ಮನೆಯಲ್ಲಿ ಕಂಬಿಗಳ ನಡುವೆ 100ಕ್ಕಿಂತ ಹೆಚ್ಚು ಬಿಡಬಾರದು. ಕಂಬದ ತೂತನ್ನು ಕಲ್ಲಿನ ಅಂಚಿಗೆ ತೀರ ಹತ್ತಿರ ಕೊರೆದರೆ ಗ್ರಾನೈಟ್ ಬಿರುಕು ಬಿಡುತ್ತದೆ, ನಾನು 60 ಮಿ.ಮೀ. ಒಳಗೆ ಗುರುತು ಹಾಕಿಸುತ್ತೇನೆ.