ಏಳನೇ ಉಂಗುರ, ಹಳೆಯ ಚೀಟಿ

ಬ್ರೆಜಿಲಿನ ಹಳ್ಳಿಗರು ಸಹಸ್ರಪದಿಯನ್ನು ‘ಹಾವಿನ ಹೇನು’ ಎಂದು ಕರೆಯುತ್ತಾರೆ. ನಮ್ಮ ಚೋರಟೆಯ ದೂರದ ನಂಟರು ಇವು. ಸಾವೊ ಪಾಲೊ ನಗರದಲ್ಲಿ, ಹುಳುಗಳನ್ನು ಸೀಸೆಗಳಲ್ಲಿ ಕಾಪಿಟ್ಟ ಸಂಗ್ರಹವೊಂದರಲ್ಲಿ ಎರಡು ವರ್ಷ ಕುಳಿತು ನಾನು ನೋಡಿದ್ದು ಇವುಗಳಲ್ಲಿ ಒಂದೇ ಒಂದು ಕುಲವನ್ನು: ಸ್ಯೂಡೊನನ್ನೊಲೆನೆ. ಇಟಲಿಯ ಫಿಲಿಪ್ಪೊ ಸಿಲ್ವೆಸ್ಟ್ರಿ 1895ರಲ್ಲಿ ಹೆಸರಿಟ್ಟ ಕುಲವಿದು. ಇದರ ಪ್ರಭೇದಗಳಲ್ಲಿ ಹೆಚ್ಚಿನವು ಬ್ರೆಜಿಲಿನವು. ಯಾವುದು ಯಾವ ಪ್ರಭೇದ, ಯಾವುದು ಎಲ್ಲಿ ಬದುಕುತ್ತದೆ ಎಂದು ಗುರುತಿಸಿ ನಕ್ಷೆಗೆ ಇಳಿಸುವುದು ನನ್ನ ಕೆಲಸವಾಗಿತ್ತು.

ಹೊರಗಿನಿಂದ ನೋಡಿದರೆ ಬಹುತೇಕ ಎಲ್ಲವೂ ಒಂದೇ. ಕಂದು ಮೈ, ಉಂಗುರದ ಹಿಂದೆ ಉಂಗುರ. ಪ್ರಭೇದದ ಗುಟ್ಟು ಇರುವುದು ಬೆಳೆದ ಗಂಡಿನ ಏಳನೇ ಉಂಗುರದಲ್ಲಿ. ಅಲ್ಲಿನ ಕಾಲುಗಳು ನಡೆಯುವುದನ್ನು ಬಿಟ್ಟು ವೀರ್ಯ ದಾಟಿಸುವ ಅಂಗಗಳಾಗಿ ಮಾರ್ಪಟ್ಟಿರುತ್ತವೆ. ಗೊನೊಪಾಡ್ ಎಂದು ಅದರ ಹೆಸರು. ದಶಕಗಳಿಂದ ಮದ್ಯಸಾರದಲ್ಲಿ ಬಿದ್ದಿರುವ ಹುಳು ಚಕ್ಕುಲಿಯಂತೆ ಸುತ್ತಿಕೊಂಡು ಬಿರುಸಾಗಿರುತ್ತದೆ. ಬಲವಂತದಿಂದ ಬಿಡಿಸಹೋದರೆ ಮುರಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಉಂಗುರಗಳ ನಡುವಿನ ಪೊರೆಯನ್ನು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಸಾಸಿವೆ ಕಾಳಿನಷ್ಟಿರುವ ಗೊನೊಪಾಡನ್ನು ಚಿಮಟದಲ್ಲಿ ಎತ್ತಿ ಗ್ಲಿಸರಿನ್ ಹನಿಯಲ್ಲಿ ಇಡುತ್ತಿದ್ದೆ. ಕೂದಲೆಳೆಯಷ್ಟು ವಾಲಿದರೂ ತುದಿಯ ಆಕಾರ ಬೇರೆಯಾಗಿ ಕಾಣುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಒಂದೇ ಭಂಗಿಯಲ್ಲಿ ನಿಲ್ಲಿಸಿ ಚಿತ್ರ ಬರೆದೆ. ಇಷ್ಟು ಮಾಡದೆ ಹೆಸರು ಹೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಣ್ಣು ಮತ್ತು ಮರಿಗಳಿದ್ದ ಸೀಸೆಗಳನ್ನು ಕುಲದ ಹೆಸರಷ್ಟೇ ಬರೆದು ಕಪಾಟಿಗೆ ಮರಳಿಸಿದೆ. ಹಾಗೆ ಮರಳಿಸುವಾಗ ಪ್ರತಿ ಸಲವೂ ಬೇಸರವಾಗುತ್ತಿತ್ತು.

ನಕ್ಷೆಯ ಕೆಲಸ ಇದಕ್ಕಿಂತ ಸುಲಭ ಎಂದುಕೊಂಡಿದ್ದೆ. ಒಂದು ಸೀಸೆಯ ಚೀಟಿಯಲ್ಲಿ ‘ಸಾಂತಾ ರೀತಾ’ ಎಂದಷ್ಟೇ ಇತ್ತು. ನಾನು ಮಿನಾಸ್ ಜೆರಾಯಿಸ್ ರಾಜ್ಯದ ಸಾಂತಾ ರೀತಾ ದೊ ಸಪುಕಾಯಿ ಎಂದು ತಿಳಿದು ಚುಕ್ಕೆ ಇಟ್ಟೆ. ಆ ಪ್ರಭೇದದ ಉಳಿದ ಚುಕ್ಕೆಗಳಿಂದ ಅದು ತೀರ ದೂರವಾಗಿ ಒಂಟಿಯಾಗಿ ನಿಂತಿತು. ತಿಂಗಳುಗಳ ಮೇಲೆ, ಅದೇ ಕೈಬರಹದ, ಅದೇ ದಿನಾಂಕದ ಇನ್ನೊಂದು ಸೀಸೆ ಸಿಕ್ಕಿತು. ಅದರಲ್ಲಿ ‘ಪಿರಾಸುನುಂಗಾ’ ಎಂದಿತ್ತು. ಹಾಗಿದ್ದರೆ ಇದು ಸಾವೊ ಪಾಲೊ ರಾಜ್ಯದ ಪಿರಾಸುನುಂಗಾದ ನೆರೆಯ ಸಾಂತಾ ರೀತಾ ದೊ ಪಾಸಾ ಕ್ವಾತ್ರೊ! ಸುಮಾರು 200 ಕಿಲೋಮೀಟರ್ ತಪ್ಪು, ಅದೂ ಬೇರೆ ರಾಜ್ಯದಲ್ಲಿ.

ಅಂದಿನಿಂದ ಚುಕ್ಕೆಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಸಾವೊ ಪಾಲೊ ರಾಜ್ಯದ ಒಳನಾಡಿನಲ್ಲಿ ಚುಕ್ಕೆಗಳು ಏಕೆ ಇಷ್ಟು ದಟ್ಟವಾಗಿವೆ? ಜರ್ಮನಿಯಿಂದ ಬಂದ ಸಹಸ್ರಪದಿ ತಜ್ಞ ಒಟ್ಟೊ ಶುಬಾರ್ಟ್ ಪಿರಾಸುನುಂಗಾದಲ್ಲಿ ನೆಲೆಸಿ, ಅಲ್ಲಿನ ಸಹಸ್ರಪದಿಗಳ ಬಗ್ಗೆ 1944ರಲ್ಲಿ ಬರೆದರು. ಪಾರಾ ರಾಜ್ಯದ ಕಾರಜಾಸ್‌ನ ಗುಹೆಗಳಲ್ಲಿ ಏಕೆ ಅಷ್ಟೊಂದು ಸೀಸೆಗಳು ತುಂಬಿದವು? ಅಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ. 2008ರ ಸರ್ಕಾರಿ ಆಜ್ಞೆಯ ಪ್ರಕಾರ ಗುಹೆಯ ಮಹತ್ವವನ್ನು ಅಳೆಯದೆ ಅದನ್ನು ಮುಟ್ಟುವಂತಿರಲಿಲ್ಲ. ಅಳೆಯಲು ಒಳಗಿನ ಜೀವಿಗಳನ್ನು ಎಣಿಸಲೇಬೇಕಿತ್ತು. ಚುಕ್ಕೆಗಳು ಹುಳು ಇರುವ ಜಾಗವನ್ನು ತೋರಿಸುವಷ್ಟೇ ಮನುಷ್ಯ ಹುಡುಕಿದ ಜಾಗವನ್ನೂ ತೋರಿಸುತ್ತಿದ್ದವು. ಒಂದು ಗುಹೆಯಲ್ಲಿ ಮಾತ್ರ ಸಿಕ್ಕಿತೆಂದು ಅದು ಅಲ್ಲಿಗೇ ಸೀಮಿತ ಎನ್ನುವ ಮುನ್ನ, ಹೊರಗಿನ ತರಗೆಲೆಯನ್ನು ಯಾರಾದರೂ ಜಾಲಾಡಿದ್ದಾರೆಯೇ ಎಂದು ಕೇಳುವುದನ್ನು ಕಲಿತೆ. ಆ ಉತ್ತರದ ಮೇಲೆ ಒಂದು ಗುಹೆಯ ಉಳಿವೇ ನಿಂತಿರಬಹುದು.

ಕೊನೆಗೆ ನಕ್ಷೆಯಲ್ಲಿ ಎರಡು ಗುರುತು ಬಳಸಿದೆ. ಗಂಡನ್ನು ನಾನೇ ಬಿಡಿಸಿ ನೋಡಿದ ಜಾಗಕ್ಕೆ ತುಂಬಿದ ಚುಕ್ಕೆ, ಹಳೆಯ ದಾಖಲೆಯಷ್ಟೇ ಇರುವಲ್ಲಿ ಖಾಲಿ ವೃತ್ತ. ಪ್ರತಿ ಚೀಟಿಯ ಫೋಟೊ ತೆಗೆದಿಟ್ಟೆ. 2018ರ ಸೆಪ್ಟೆಂಬರಿನಲ್ಲಿ ರಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದದ್ದನ್ನು ಈ ಕೆಲಸದಲ್ಲಿರುವ ಯಾರೂ ಮರೆಯಲಾರರು. ಸಾಂತಾ ರೀತಾದ ಸೀಸೆಯಲ್ಲಿ ಹಳೆಯ ಚೀಟಿಯನ್ನು ಹಾಗೆಯೇ ಬಿಟ್ಟೆ. ಅದರ ಪಕ್ಕದಲ್ಲಿ ಊರಿನ ಪೂರ್ತಿ ಹೆಸರು ಮತ್ತು ಹಾಗೆಂದು ನಿರ್ಧರಿಸಲು ಕಾರಣ ಬರೆದ ನನ್ನ ಚೀಟಿಯನ್ನು ಇಳಿಸಿ, ಮದ್ಯಸಾರ ತುಂಬಿ, ಮುಚ್ಚಳ ಬಿಗಿದೆ.