ಅರ್ಧ ಟ್ಯಾಂಕಿಗೆ ಬಂದರೆ ನಿಲ್ಲುತ್ತಿದ್ದ ಜೀಪು

ಕೇರಳದ ಕಾಸರಗೋಡಿನ ಪೆರ್ಲದ ಕಡೆಯ ಒಂದು ಅಡಿಕೆ ತೋಟದ ಜೀಪು. ಹಳೆ ಮಹೀಂದ್ರ, ಡೀಸೆಲ್, ಎಂಜಿನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವುದು ಇನ್‌ಲೈನ್ ಪಂಪು. ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಡೀಸೆಲ್ ಎಳೆದು ತರುವ ಕೈಪಂಪು, ಅಂದರೆ ಪ್ರೈಮರ್, ಇಪ್ಪತ್ತು ಸಲ ಒತ್ತಬೇಕು. ತೋಟದ ಏರು ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಗಿ ನಿಂತೇ ಬಿಡುತ್ತಿತ್ತು. ನನ್ನ ಗ್ಯಾರೇಜಿಗೆ ಬರುವ ಮೊದಲು ಮೂರು ಕಡೆ ತೋರಿಸಿದ್ದರು. ಮಂಗಳೂರಿನ ಒಂದು ಪಂಪ್ ಅಂಗಡಿಯವರು ಪಂಪು, ಎಂಜಿನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್ ಎಲ್ಲ ಮಾಡಬೇಕೆಂದು 17-18 ಸಾವಿರ ಹೇಳಿದ್ದರಂತೆ.

ನಾನು ಪಂಪು ಮುಟ್ಟುವುದಿಲ್ಲ ಎಂದೆ. ಓಡುವಷ್ಟು ಹೊತ್ತು ಹೊಗೆ ಸರಿ, ಎಳೆತ ಸರಿ. ನಾಝಲ್ ಹೋದ ಗಾಡಿ ಹೀಗೆ ಒಂದು ದಿನ ಚೆಂದ, ಒಂದು ದಿನ ಕೆಟ್ಟು ಓಡುವುದಿಲ್ಲ. ಇದು ಡೀಸೆಲಿನ ದಾರಿಯಲ್ಲಿ ಏರ್, ಅಂದರೆ ಗಾಳಿ, ಎಳೆಯುವ ಗಾಡಿ. ಪಕ್ಕದ ಗ್ಯಾರೇಜಿನವರು ನಕ್ಕರು.

ಆದರೆ ಏರ್ ಎಲ್ಲಿಂದ? ಫಿಲ್ಟರ್ ಎರಡೂ ಬದಲಿಸಿದೆ. ತಾಮ್ರದ ವಾಷರ್ ಎಲ್ಲ ಹೊಸತು ಹಾಕಿದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ವಾಲ್ವ್ ಬದಲಿಸಿದೆ. ನಾಲ್ಕು ದಿನ ಸರಿ, ಐದನೇ ದಿನ ಮತ್ತೆ ಅದೇ ಕಥೆ. ಸುಮಾರು 2,400 ರೂಪಾಯಿ ನನ್ನ ಕೈಯಿಂದ ಹೋಯಿತು. ಅದನ್ನು ನಾನು ಅವರ ಬಿಲ್ಲಿಗೆ ಸೇರಿಸಲಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಸಕ್ಷನ್ ಲೈನಿನ ಕಷ್ಟವೇ ಇದು ಅಲ್ವಾ, ಡೀಸೆಲ್ ಹೊರಗೆ ಒಸರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಕಾಣುವುದಿಲ್ಲ.

ದಾರಿ ಸಿಕ್ಕಿದ್ದು ಮಾತಿನಲ್ಲಿ. ಕರ್ನಾಟಕದಲ್ಲಿ ಡೀಸೆಲಿಗೆ ಕ್ರಯ ಕಡಿಮೆ ಎಂದು ಜೀಪಿನ ಯಜಮಾನ ಭಟ್ಟರು ಗಡಿಯ ಅಡ್ಕಸ್ಥಳ ದಾಟಿ ಹೋಗಿ ಹಾಕಿಸುತ್ತಿದ್ದರು.

"ಅಲ್ಲಿಯದ್ದು ಹಾಕಿದರೆ ಮೂರು ನಾಲ್ಕು ದಿನ ಗಾಡಿ ಚೆಂದ ಓಡ್ತದೆ ಮಾರಾಯ. ಇಲ್ಲಿಯ ಡೀಸೆಲಲ್ಲೇ ನೀರು."

"ಅಲ್ಲಿ ಎಷ್ಟು ಹಾಕಿಸ್ತೀರಿ ಭಟ್ರೇ?"

"ಫುಲ್ ಟ್ಯಾಂಕ್."

"ಇಲ್ಲಿ?"

"ಐನೂರಕ್ಕೆ, ಸಾವಿರಕ್ಕೆ."

ನನಗೆ ಅಷ್ಟೇ ಸಾಕಿತ್ತು. ಐದು ಲೀಟರಿನ ಕ್ಯಾನ್ ಬಾನೆಟಿನ ಹತ್ತಿರ ಕಟ್ಟಿ, ಅದರಿಂದ ನೇರ ಫೀಡ್ ಪಂಪಿಗೆ ಪೈಪು ಕೊಟ್ಟೆ. ಅದೇ ಏರನ್ನು ನಾಲ್ಕು ಸಲ ಹತ್ತಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಪಂಪಿನದ್ದಲ್ಲ, ನಾಝಲಿನದ್ದೂ ಅಲ್ಲ. ಮತ್ತೆ ಟ್ಯಾಂಕಿಗೆ ಕೊಟ್ಟು, ಮಧ್ಯದಲ್ಲಿ ಒಂದು ಮೊಳ ಪಾರದರ್ಶಕ ಪೈಪು ಹಾಕಿದೆ. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ಗಾಜಿನ ಹಾಗೆ ನಿಂತಿತ್ತು. ಅರ್ಧಕ್ಕೆ ಇಳಿಸಿದ ಮೇಲೆ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಬರತೊಡಗಿದವು.

ಟ್ಯಾಂಕಿನೊಳಗಿನ ಸಕ್ಷನ್ ಪೈಪು ಹೊರಗೆ ತೆಗೆದೆ. ಕಣ್ಣಿಗೆ ಏನೂ ಇಲ್ಲ, ನಡುವಿನಲ್ಲಿ ಸ್ವಲ್ಪ ತುಕ್ಕು ಅಷ್ಟೇ. ಒಂದು ತುದಿ ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿದೆ. ತುಕ್ಕಿನ ಕಲೆಯ ಅಂಚಿನಿಂದ ಕೂದಲೆಳೆಯಂಥ ಗುಳ್ಳೆ ಎದ್ದಿತು. ಡೀಸೆಲ್ ಮೇಲಿರುವಾಗ ಆ ತೂತು ಮುಳುಗಿರುತ್ತದೆ, ಕೆಳಗಿಳಿದರೆ ಗಾಳಿ ಎಳೆಯುತ್ತದೆ. ರಾತ್ರಿ ಲೈನ್ ಖಾಲಿಯಾಗುವುದೂ ಅದರಿಂದಲೇ.

ಪೈಪು ಹೊಸತು, ಬ್ರೇಜಿಂಗ್ ಬೆಸುಗೆ, ನನ್ನ ಕೂಲಿ, ಎಲ್ಲ ಸೇರಿ ಎರಡು ಸಾವಿರದ ಒಳಗೆ. ಬೆಂಕಿಯ ಕೆಲಸ ಪೈಪು ಹೊರಗೆ ತಂದೇ ಮಾಡಬೇಕು, ಟ್ಯಾಂಕಿನ ಹತ್ತಿರ ಬೇಡವೇ ಬೇಡ. ಪೈಪು ಕೂರುವ ಟ್ಯಾಂಕಿನ ಮೇಲಿನ ಪ್ಲೇಟಿಗೆ ನಾನು ಏನು ಹಚ್ಚಿ ಕೂರಿಸುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ಅದು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಬೇಕಾಯಿತು. ಪಾರದರ್ಶಕ ಪೈಪು ಮಾತ್ರ ಪರೀಕ್ಷೆಗಷ್ಟೇ ಇರಲಿ. ಮೇಸ್ತ್ರಿಗಳು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪನ್ನು ಒಂದು ಗಾಡಿಯಲ್ಲಿ ಹಾಗೇ ಬಿಟ್ಟು ನೋಡಿದೆ, ಒಂದೆರಡು ತಿಂಗಳಲ್ಲಿ ಕಟ್ಟಿಗೆಯ ಹಾಗೆ ಗಟ್ಟಿಯಾಯಿತು.

ಆ ನೀರಿನ ಮಾತು ತಲೆಯಲ್ಲಿ ಉಳಿದು, ಪೆಟ್ರೋಲಿನಲ್ಲೂ ಒಂದು ನೋಡಿದೆ. ಅಳತೆಯ ಬಾಟಲಿಯಲ್ಲಿ 100 ಎಂಎಲ್ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಅಲ್ಲಾಡಿಸಿ ಇಟ್ಟೆ. ಕೆಳಗಿನ ಪದರ 30ರ ಹತ್ತಿರ ಬಂತು. ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ನೀರಿನ ಜತೆ ಸೇರಿ ಕೆಳಗೆ ಕೂರುತ್ತದೆ. ಮಳೆಗಾಲದಲ್ಲಿ ನಿಲ್ಲುವ ಬೈಕಿನ ಕಾರ್ಬೊರೇಟರ್ ಬಿಚ್ಚುವ ಮೊದಲು ನಾನೀಗ ಟ್ಯಾಂಕಿನ ತಳದ ಪೆಟ್ರೋಲ್ ಬಾಟಲಿಗೆ ಇಳಿಸುತ್ತೇನೆ.

ಜೀಪಿಗೆ ಒಂದು ಮಳೆಗಾಲ ದಾಟಿತು, ಕೈಯಲ್ಲಿ ಪ್ರೈಮರ್ ಒತ್ತಿಲ್ಲ. ಮೊನ್ನೆ ಆ ಪಕ್ಕದ ಗ್ಯಾರೇಜಿನವರೇ ಮುಳ್ಳೇರಿಯದ ಒಂದು ಪಿಕಪ್ ಕಳಿಸಿದರು, ಅದೂ ಏರಿನಲ್ಲಿ ನಿಲ್ಲುವ ಗಾಡಿ. ಅದಕ್ಕೆ ಪೈಪು ತೆಗೆಯಬೇಕಾಗಲಿಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದೆ, ಉಸ್ ಎಂದು ಗಾಳಿ ಒಳಗೆ ಹೋಯಿತು. ಟ್ಯಾಂಕಿಗೆ ಗಾಳಿ ಹೋಗಲು ಇರುವ ಮುಚ್ಚಳದ ತೂತಿನಲ್ಲಿ ಕೆಂಪು ಮಣ್ಣು ಕಟ್ಟಿತ್ತು.